ತಿಳಿಯದವರ ಫತ್ವಾ ಮತ್ತು ಹೊರಗಿನಿಂದ ಬೀಗ ಹಾಕಿದ ಕೋಣೆ

ಪ್ರವಾದಿ(ಸ)ರ ಕಾಲದಲ್ಲಿ ಕೆಲವು ಸಹಾಬಿಗಳು ಪ್ರಯಾಣದಲ್ಲಿದ್ದರು. ಅವರಲ್ಲೊಬ್ಬರ ತಲೆಗೆ ಕಲ್ಲು ತಾಗಿ ಗಾಯವಾಯಿತು. ಅದೇ ಸ್ಥಿತಿಯಲ್ಲಿ ಅವರಿಗೆ ಸ್ನಾನ ಕಡ್ಡಾಯವಾಯಿತು. ಗಾಯವಿರುವುದರಿಂದ ತಯಮ್ಮುಮ್ ಮಾಡಿದರೆ ಸಾಲದೇ ಎಂದು ಅವರು ಜೊತೆಗಾರರನ್ನು ಕೇಳಿದರು. ನೀರು ಬಳಸಲು ಸಾಧ್ಯವಿರುವಾಗ ನಿನಗೆ ಆ ರಿಯಾಯಿತಿಯಿಲ್ಲ ಎಂದು ಜೊತೆಗಾರರು ತೀರ್ಪು ಕೊಟ್ಟರು. ಗಾಯಾಳು ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ತಿಳಿದಾಗ ಪ್ರವಾದಿ(ಸ)ರು ಅದನ್ನು ವಿಧಿಯೆಂದು ಹೇಳಿ ಮುಗಿಸಲಿಲ್ಲ. ಆತನನ್ನು ಕೊಂದವರು ಅವರೇ ಎಂದು ಕಟುವಾಗಿ ಖಂಡಿಸಿದರು. ತಿಳಿಯದಿದ್ದರೆ ಕೇಳಬಾರದಿತ್ತೇ, ಅರಿಯದಿರುವ ರೋಗಕ್ಕೆ ಕೇಳಿ ತಿಳಿಯುವುದೇ ಮದ್ದಲ್ಲವೇ ಎಂದು ಪ್ರಶ್ನಿಸಿದರು. ಜಾಬಿರ್(ರ)ರಿಂದ ವರದಿಯಾದ ಈ ಘಟನೆ ಅಬೂದಾವೂದ್‌ನಲ್ಲಿದೆ.

ಆ ಜೊತೆಗಾರರು ಕೆಟ್ಟವರಾಗಿರಲಿಲ್ಲ. ಅವರಲ್ಲಿ ಈಮಾನ್ ಇತ್ತು, ಧರ್ಮನಿಷ್ಠೆ ಇತ್ತು, ಗೆಳೆಯನ ಆರಾಧನೆ ಸರಿಯಾಗಬೇಕೆಂಬ ಕಾಳಜಿಯೂ ಇತ್ತು. ಗಾಯಗೊಂಡ ದೇಹದ ಕುರಿತಾದ ಜ್ಞಾನ ಮಾತ್ರ ಇರಲಿಲ್ಲ. ಆ ಒಂದು ಕೊರತೆಯಿಂದಾಗಿ ಅವರ ಧರ್ಮನಿಷ್ಠೆಯೇ ಒಂದು ಜೀವವನ್ನು ಬಲಿ ತೆಗೆದುಕೊಂಡಿತು.

ಇಂದು ನಮ್ಮ ಮೊಹಲ್ಲಾಗಳಲ್ಲಿ ಅದೇ ತೀರ್ಪು ಮತ್ತೆ ಮತ್ತೆ ಹೊರಬೀಳುತ್ತಿದೆ. ಈ ಬಾರಿ ಗಾಯಾಳು, ಹೆರಾಯಿನ್ ಅಥವಾ ನೋವು ನಿವಾರಕ ಮಾತ್ರೆಗಳ ಹಿಡಿತಕ್ಕೆ ಸಿಕ್ಕಿದ ಯುವಕ. ಮನೆಯವರಿಗೆ ವಿಷಯ ಗೊತ್ತಾದ ದಿನ ಹಿರಿಯರು ಸೇರುತ್ತಾರೆ. ಕುರ್‌ಆನ್‌ನ ಮೇಲೆ ಕೈಯಿಡಿಸಿ ಆಣೆ ಹಾಕಿಸುತ್ತಾರೆ. ಮೊಬೈಲ್ ಕಿತ್ತುಕೊಂಡು ಕೋಣೆಗೆ ತಳ್ಳಿ ಹೊರಗಿನಿಂದ ಬೀಗ ಹಾಕುತ್ತಾರೆ. ‘ಈಮಾನ್ ಇದ್ದರೆ ಬಿಡುತ್ತಾನೆ, ಒಂದು ವಾರ ನರಳಲಿ’ ಎನ್ನುತ್ತಾರೆ. ಆಸ್ಪತ್ರೆಯ ಮಾತೆತ್ತಿದ ತಾಯಿಗೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಅಲ್ಲಿ ಕೊಡುವುದೂ ಅಮಲಿನ ಮಾತ್ರೆಯೇ. ಒಂದು ಹರಾಮ್ ಬಿಡಿಸಲು ಇನ್ನೊಂದು ಹರಾಮೇ?’

ಈ ಮಾತನ್ನು ಆಡುತ್ತಿರುವವರಿಗೆ ವಿನಮ್ರವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕಾಗಿದೆ. ನೀವು ತಲೆಗೆ ಗಾಯವಾದವನಿಗೆ ಸ್ನಾನದ ತೀರ್ಪು ಕೊಡುತ್ತಿದ್ದೀರಿ.

ಮಾದಕ ವಸ್ತು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ ಮಾಇದ ಅಧ್ಯಾಯದ 90 ಮತ್ತು 91ನೇ ವಚನಗಳು ಅಮಲನ್ನು ಶೈತಾನನ ಕೃತ್ಯವೆಂದು ಸಾರಿವೆ. ಅದನ್ನು ಮಾರುವವನು ಸಮಾಜದ ಶತ್ರು. ಆದರೆ ವಿಷ ಹರಾಮ್ ಎಂದು ಸಾರುವುದು ಬೇರೆ. ವಿಷ ಸೇವಿಸಿದವನ ದೇಹದಿಂದ ಅದನ್ನು ಹೊರತೆಗೆಯುವ ವಿಧಾನವನ್ನು ನಿರ್ಧರಿಸುವುದು ಬೇರೆ. ಮೊದಲನೆಯದು ಮಿಂಬರ್‌ನ ಕೆಲಸ. ಎರಡನೆಯದು ವೈದ್ಯನ ಕೆಲಸ.

‘ಇದು ಪಂಜಾಬಿನ ಸಮಸ್ಯೆ, ನಮ್ಮಲ್ಲಿರುವುದು ಗಾಂಜಾ, ಎಂಡಿಎಂಎ’ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸುಮಾರು 2.26 ಕೋಟಿ ಜನರು ಅಫೀಮು ವರ್ಗದ ಮಾದಕಗಳನ್ನು ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಚಿಕಿತ್ಸೆಯ ನೆರವು ಅಗತ್ಯವಿತ್ತು. ಅಫೀಮು, ಹೆರಾಯಿನ್, ಬ್ರೌನ್ ಶುಗರ್ ಮಾತ್ರ ಈ ವರ್ಗಕ್ಕೆ ಸೇರಿದವುಗಳಲ್ಲ. ಕೊಡೀನ್ ಬೆರೆತ ಕೆಮ್ಮಿನ ಸಿರಪ್, ಟ್ರಮಡಾಲ್, ಟಪೆಂಟಡಾಲ್‌ನಂತಹ ನೋವಿನ ಮಾತ್ರೆಗಳು ಕೂಡಾ ಇದೇ ವರ್ಗದವು. ಇವು ಬಂದೂಕು ಹಿಡಿದ ಕಳ್ಳಸಾಗಣೆದಾರನಿಂದಲೇ ಬರಬೇಕೆಂದಿಲ್ಲ. ಚೀಟಿ ಕೇಳದ ಒಂದು ಔಷಧದಂಗಡಿ ಸಾಕು. ಟ್ರಮಡಾಲನ್ನು ಮಾದಕ ವಸ್ತುಗಳ ಕಾನೂನಿನ ವ್ಯಾಪ್ತಿಗೆ ತಂದದ್ದೇ 2018ರಲ್ಲಿ.

ಈ ವಸ್ತುಗಳು ದೇಹದೊಳಗೆ ಮಾಡುವುದೇನು? ನೋವನ್ನು ತಗ್ಗಿಸಲು ಅಲ್ಲಾಹನು ಮೆದುಳಿನಲ್ಲಿ ಇಟ್ಟಿರುವ ಸ್ವಾಭಾವಿಕ ವ್ಯವಸ್ಥೆಯ ಜಾಗವನ್ನು ಅವು ಆಕ್ರಮಿಸಿಕೊಳ್ಳುತ್ತವೆ. ದಿನಗಳು ಕಳೆದಂತೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅದೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಬೇಕಾಗುತ್ತದೆ. ಕೊನೆಗೆ ಅದು ಸುಖಕ್ಕಾಗಿ ಸೇವಿಸುವ ವಸ್ತುವಾಗಿ ಉಳಿಯುವುದಿಲ್ಲ. ಎದ್ದು ನಿಲ್ಲಲು, ಅನ್ನ ಉಣ್ಣಲು, ನಿದ್ರಿಸಲು ಬೇಕಾದ ವಸ್ತುವಾಗಿ ಬಿಡುತ್ತದೆ. ಹೆರಾಯಿನ್‌ನಂತಹ ಬೇಗನೆ ಇಳಿಯುವ ಮಾದಕವನ್ನು ಒಮ್ಮೆಲೇ ನಿಲ್ಲಿಸಿದರೆ 8ರಿಂದ 24 ಗಂಟೆಗಳೊಳಗೆ ಸಂಕಟ ಶುರುವಾಗುತ್ತದೆ. ಆಕಳಿಕೆ, ಕಣ್ಣು ಮೂಗುಗಳಲ್ಲಿ ನೀರು, ಬೆವರು, ರೋಮಾಂಚನ, ಅರಳಿದ ಕಣ್ಣುಗುಡ್ಡೆ. ನಂತರ ಮೂಳೆ ಮೂಳೆಗಳಲ್ಲಿ ನೋವು, ಹೊಟ್ಟೆ ಹಿಂಡುವಿಕೆ, ವಾಂತಿ, ಭೇದಿ, ನಿದ್ರೆಯಿಲ್ಲದ ರಾತ್ರಿಗಳು. ಎರಡನೆಯ, ಮೂರನೆಯ ದಿನ ಅದು ತುತ್ತ ತುದಿಗೇರುತ್ತದೆ. ನಾಲ್ಕರಿಂದ ಹತ್ತು ದಿನಗಳವರೆಗೆ ಮುಂದುವರಿಯುತ್ತದೆ.

ಇದೇ ಲಕ್ಷಣಗಳನ್ನು ನೋಡಿ ನಮ್ಮವರು ಏನೆಲ್ಲ ಹೇಳಿಲ್ಲ! ಮೈ ನಡುಗಿದರೆ ಜಿನ್ನ್ ಹಿಡಿದಿದೆ ಎಂದರು. ಊದಿಸಲು, ತಾಯಿತ ಕಟ್ಟಿಸಲು ಕರೆದುಕೊಂಡು ಹೋದರು. ಭೇದಿಯಿಂದಾಗಿ ವುಝೂ ನಿಲ್ಲದವನನ್ನು ನಮಾಝ್‌ನಿಂದ ತಪ್ಪಿಸಿಕೊಳ್ಳುವ ಕಪಟಿ ಎಂದರು. ಕಿರುಚಿದರೆ ನಾಟಕ ಎಂದರು. ಮೂರು ದಿನ ವಾಂತಿ ಭೇದಿಯಲ್ಲಿ ನೀರಿನಂಶ ಕಳೆದುಕೊಂಡ ದೇಹಕ್ಕೆ ಸಲೈನ್ ಬೇಕಾಗಿರುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಅದನ್ನು ಕೊಡುವವರು ಯಾರು? ಆರೋಗ್ಯವಂತ ಯುವಕ ಅಫೀಮಿನ ಸಂಕಟದಿಂದಲೇ ಸಾಯುವುದು ಅಪರೂಪ, ನಿಜ. ಆದರೆ ಹೀಗೆ ನೀರಿಳಿದು ಸತ್ತವರಿದ್ದಾರೆ. ಗರ್ಭಿಣಿಯಲ್ಲಿ ಹಠಾತ್ ನಿಲುಗಡೆ ಶಿಶುವಿಗೇ ಅಪಾಯಕಾರಿ. ಅಲ್ಲದೆ ಹೆಚ್ಚಿನವರು ಒಂದೇ ವಸ್ತುವನ್ನು ಸೇವಿಸುವುದಿಲ್ಲ. ಜೊತೆಗೆ ಮದ್ಯವೋ ನಿದ್ರೆ ಮಾತ್ರೆಗಳೋ ಇರುತ್ತವೆ. ಅವುಗಳನ್ನು ದಿಢೀರನೆ ನಿಲ್ಲಿಸಿದಾಗ ಅಪಸ್ಮಾರ, ಸನ್ನಿ ಕಾಣಿಸಿಕೊಂಡು ಜೀವಕ್ಕೇ ಎರವಾಗಬಹುದು. ಮಗ ಏನೇನು ಸೇವಿಸುತ್ತಿದ್ದ ಎಂಬುದು ಬೀಗ ಹಾಕಿದ ತಂದೆಗೆ ಗೊತ್ತಿರುತ್ತದೆಯೇ?

ಆದರೆ ಬೀಗ ಹಾಕಿದ ಕೋಣೆಯ ಅತಿ ದೊಡ್ಡ ಅಪಾಯ ಕೋಣೆಯೊಳಗಿಲ್ಲ. ಅದು ಬಾಗಿಲು ತೆರೆದ ನಂತರ ಬರುತ್ತದೆ. ಈ ವಿಷಯವನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು.

ಹತ್ತು ದಿನ ಕಳೆಯಿತು. ಯುವಕ ಸ್ನಾನ ಮಾಡಿದ, ಹೊಸ ಬಟ್ಟೆ ತೊಟ್ಟ, ಜುಮುಅಕ್ಕೆ ಬಂದ. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದರು. ಆದರೆ ಅವನ ದೇಹದಲ್ಲಿ ಎರಡು ಸಂಗತಿಗಳು ಬೇರೆ ಬೇರೆ ವೇಗದಲ್ಲಿ ನಡೆದಿವೆ. ಹೆಚ್ಚಿನ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕೆಲವೇ ದಿನಗಳಲ್ಲಿ ಕುಸಿದಿದೆ. ಮತ್ತೆ ಬೇಕೆನ್ನುವ ಹಂಬಲ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ದಿನ ಹಳೆಯ ಗೆಳೆಯ ಸಿಗುತ್ತಾನೆ. ಅವನು ತನ್ನ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ. ಹಿಂದೆ ಅವನನ್ನು ಸುಮ್ಮನೆ ಎದ್ದು ನಿಲ್ಲಿಸುತ್ತಿದ್ದ ಅದೇ ಪ್ರಮಾಣ ಈಗ ಉಸಿರನ್ನು ನಿಲ್ಲಿಸುತ್ತದೆ. ಜೈಲಿನಿಂದ ಬಿಡುಗಡೆಯಾದವರಲ್ಲಿ, ಬರೀ ಡಿಟಾಕ್ಸ್ ಮಾಡಿಸಿಕೊಂಡು ಮುಂದಿನ ಚಿಕಿತ್ಸೆಯಿಲ್ಲದೆ ಮನೆಗೆ ಮರಳಿದವರಲ್ಲಿ ಮೊದಲ ವಾರಗಳೇ ಅತ್ಯಂತ ಮಾರಕವಾಗಿರುವುದು ಇದೇ ಕಾರಣದಿಂದ.

ರಮಝಾನ್‌ನಲ್ಲಿ ಬಿಡುತ್ತೇನೆಂದು ಸಂಕಲ್ಪ ಮಾಡುವ ಯುವಕರೂ ನಮ್ಮಲ್ಲಿದ್ದಾರೆ. ಆ ಸಂಕಲ್ಪಕ್ಕೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಅವರ ಮನೆಯವರು ಅರಿತಿರಲಿ: ಒಂದು ತಿಂಗಳು ಏನನ್ನೂ ಮುಟ್ಟದೆ ಕಳೆದವನಿಗೆ ಪೆರ್ನಾಲಿನ ರಾತ್ರಿ ಅತ್ಯಂತ ಅಪಾಯದ ರಾತ್ರಿ.

ಹಾಗಾದರೆ ವೈದ್ಯಕೀಯ ಮೇಲ್ವಿಚಾರಣೆಯಲ್ಲಿ ನಡೆಯುವುದೇನು? ಮೊದಲು ಏನು, ಎಷ್ಟು, ಯಾವಾಗ ಸೇವಿಸಿದ್ದ ಎಂದು ಕೇಳುತ್ತಾರೆ. ರಕ್ತ, ಮೂತ್ರ ಪರೀಕ್ಷಿಸುತ್ತಾರೆ. ನಾಡಿ, ಬೆವರು, ಕಣ್ಣುಗುಡ್ಡೆ, ನಡುಕ ಮುಂತಾದ ಲಕ್ಷಣಗಳಿಗೆ ಅಂಕ ಕೊಟ್ಟು ಸಂಕಟದ ತೀವ್ರತೆಯನ್ನು ಅಳೆಯುತ್ತಾರೆ. ಅದಕ್ಕೆ ತಕ್ಕಂತೆ ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ನಾಲಿಗೆಯಡಿ ಇಡಿಸುತ್ತಾರೆ; ಕೆಲವರಿಗೆ ಮೆಥಡೋನ್, ಇನ್ನು ಕೆಲವರಿಗೆ ಕ್ಲೋನಿಡಿನ್‌ನಂತಹ ಬೇರೆ ಮದ್ದು ಕೊಡುತ್ತಾರೆ. ಬ್ಯುಪ್ರೆನಾರ್ಫಿನ್ ಹೆರಾಯಿನ್ ಕುಳಿತಿದ್ದ ಜಾಗದಲ್ಲಿಯೇ ಕೂರುತ್ತದೆ, ಆದರೆ ಅರ್ಧದಷ್ಟೇ ಕೆಲಸ ಮಾಡುತ್ತದೆ. ಸಂಕಟ ತಣಿಯುತ್ತದೆ, ಹಂಬಲ ತಗ್ಗುತ್ತದೆ. ಅದಕ್ಕೆ ಒಗ್ಗಿದ ದೇಹಕ್ಕೆ ಅಮಲು ಏರುವುದಿಲ್ಲ. ಒಂದು ಮಿತಿ ಮೀರಿದ ಮೇಲೆ ಅದರ ಪರಿಣಾಮ ಹೆಚ್ಚುವುದೂ ಇಲ್ಲ. ಇದನ್ನು ಕೂಡಾ ತಿಳಿಯದವರು ಕೊಡುವಂತಿಲ್ಲ. ಹೆರಾಯಿನ್ ಇನ್ನೂ ದೇಹದಲ್ಲಿರುವಾಗಲೇ ಆತುರಪಟ್ಟು ಕೊಟ್ಟರೆ ಸಂಕಟ ಒಮ್ಮೆಗೇ ಭುಗಿಲೇಳುತ್ತದೆ. ಪುಡಿ ಮಾಡಿ ಚುಚ್ಚಿಕೊಳ್ಳುವ ದುರ್ಬಳಕೆಯೂ ಉಂಟು. ವೈದ್ಯರ ಕಣ್ಗಾವಲು ಬೇಕಾಗಿರುವುದು ಇದಕ್ಕಾಗಿಯೇ.

ಇಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಹತ್ತು ದಿನಗಳ ಡಿಟಾಕ್ಸ್ ಬಾಗಿಲು ಮಾತ್ರ, ಮನೆಯಲ್ಲ. ‘ಏಳು ದಿನದಲ್ಲಿ ಸಂಪೂರ್ಣ ಮುಕ್ತಿ’ ಎಂದು ಜಾಹೀರಾತು ಕೊಡುವವರು ಬೀಗ ಹಾಕುವವರಷ್ಟೇ ಸುಳ್ಳು ಹೇಳುತ್ತಿದ್ದಾರೆ. ಹೆಚ್ಚಿನವರಿಗೆ ತಿಂಗಳುಗಳ, ಹಲವರಿಗೆ ವರ್ಷಗಳ ಮದ್ದು ಮತ್ತು ಆಪ್ತಸಲಹೆ ಬೇಕಾಗುತ್ತದೆ. ಚಿಕಿತ್ಸೆಯಲ್ಲಿ ಉಳಿದವರ ಮರಣ ಪ್ರಮಾಣ ಚಿಕಿತ್ಸೆ ಬಿಟ್ಟವರದ್ದಕ್ಕಿಂತ ಅರ್ಧಕ್ಕೂ ಕೆಳಗಿಳಿಯುತ್ತದೆಂಬುದು ಹಲವು ದೇಶಗಳ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಮದ್ದುಗಳನ್ನು 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ‘ಒಂದು ಹರಾಮಿನ ಬದಲು ಇನ್ನೊಂದು ಹರಾಮ್’ ಎಂಬ ಆಕ್ಷೇಪಕ್ಕೆ ಬರೋಣ. ಇದನ್ನು ಹೇಳುವವರು ತಾವು ಫಿಕ್‌ಹ್‌ನ ಪರವಾಗಿ ಮಾತನಾಡುತ್ತಿದ್ದೇವೆಂದು ಭಾವಿಸಿದ್ದಾರೆ. ವಾಸ್ತವದಲ್ಲಿ ಈ ಪ್ರಶ್ನೆಗೆ ಫಿಕ್‌ಹ್ ನಾಲ್ಕೂವರೆ ಶತಮಾನಗಳ ಹಿಂದೆಯೇ ಉತ್ತರಿಸಿದೆ. ಉತ್ತರಿಸಿದವರು ಯಾರೋ ಆಧುನಿಕತಾವಾದಿಯಲ್ಲ. ಕರಾವಳಿಯ ನಮ್ಮ ದರ್ಸ್‌ಗಳಲ್ಲಿ ಯಾರ ‘ತುಹ್ಫಾ’ವನ್ನು ಅಂತಿಮ ಮಾತೆಂದು ಗೌರವಿಸಲಾಗುತ್ತದೆಯೋ, ಆ ಶಾಫಿಈ ವಿದ್ವಾಂಸ ಇಮಾಮ್ ಇಬ್ನು ಹಜರ್ ಅಲ್ ಹೈತಮಿ. ಹದಿನಾರನೇ ಶತಮಾನದ ಮಕ್ಕಾದಲ್ಲಿ ಅವರ ಮುಂದೆ ಬಂದ ಪ್ರಶ್ನೆ ಇದು: ಒಬ್ಬ ವ್ಯಕ್ತಿ ಅಫೀಮಿಗೆ ಎಷ್ಟು ದಾಸನಾಗಿದ್ದಾನೆಂದರೆ, ತಿನ್ನದಿದ್ದರೆ ಅವನ ಜೀವವೇ ಹೋಗುತ್ತದೆ, ಅವನೇನು ಮಾಡಬೇಕು? ಇಮಾಮರು ಕೊಟ್ಟ ಉತ್ತರದ ಸಾರಾಂಶ ಹೀಗಿದೆ. ಜೀವಾಪಾಯ ಖಚಿತವಾಗಿದ್ದರೆ ಜೀವ ಉಳಿಯುವಷ್ಟನ್ನು ಸೇವಿಸುವುದು ಅನುವದನೀಯ. ಅಷ್ಟೇ ಅಲ್ಲ, ಕಡ್ಡಾಯ. ಹಸಿವಿನಿಂದ ಸಾಯುವವನಿಗೆ ಶವದ ಮಾಂಸವನ್ನು ಅನುಮತಿಸಿದ ನಿಯಮವೇ ಇಲ್ಲಿಯೂ ಅನ್ವಯ. ಜೊತೆಗೆ ಅವನು ದೇಹಕ್ಕೆ ಅರಿವಾಗದ ಹಾಗೆ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗಬೇಕು; ಹಾಗೆ ಕಡಿಮೆ ಮಾಡದಿದ್ದರೆ ಪಾಪಿಯಾಗುತ್ತಾನೆ.

ಹನಫೀ ಸಹೋದರರು ‘ಅದು ಶಾಫಿಈಗಳ ಮಾತು’ ಎನ್ನುವಂತಿಲ್ಲ. ಹನಫೀ ಮದ್‌ಹಬ್‌ನ ಮಹಾನ್ ವಿದ್ವಾಂಸ ಇಬ್ನು ಆಬಿದೀನ್ ತಮ್ಮ ‘ರದ್ದುಲ್ ಮುಹ್ತಾರ್’ನಲ್ಲಿ ಇದೇ ಫತ್ವಾವನ್ನು ಉದ್ಧರಿಸಿದ್ದಾರೆ, ನಮ್ಮ ತತ್ವಗಳು ಇದಕ್ಕೆ ವಿರುದ್ಧವಾಗಿಲ್ಲ ಎಂಬ ಅರ್‌ರಮ್ಲಿಯವರ ಅಭಿಪ್ರಾಯವನ್ನೂ ದಾಖಲಿಸಿದ್ದಾರೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಇಮಾಮರ ಕಾಲದಲ್ಲಿ ಅಫೀಮಿನ ಬದಲಿಗೆ ಕೊಡಲು ಮದ್ದಿರಲಿಲ್ಲ. ಅಫೀಮನ್ನೇ ಅಳೆದು ಅಳೆದು ಕಡಿಮೆ ಮಾಡುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅಂತಹ ಸ್ಥಿತಿಯಲ್ಲಿಯೂ ಅವರು ‘ಬೀಗ ಹಾಕಿ, ನರಳಲಿ’ ಎನ್ನಲಿಲ್ಲ. ಇಂದು ಅಫೀಮಿಗಿಂತ ಎಷ್ಟೋ ಸುರಕ್ಷಿತವಾದ, ವೈದ್ಯರ ಕೈಯಲ್ಲಿ ಅಳತೆಗೆ ಸಿಗುವ, ಅಮಲೇರಿಸುವ ಉದ್ದೇಶವೇ ಇಲ್ಲದ ಮದ್ದು ನಮ್ಮ ಮುಂದಿದೆ. ಅದನ್ನು ಹರಾಮ್ ಎನ್ನುವವರು ಯಾವ ಕಿತಾಬಿನಿಂದ ಆ ತೀರ್ಪನ್ನು ಪಡೆದರು?

‘ಅಮಲು ಮದ್ದಲ್ಲ, ಅದೇ ರೋಗ ಎಂದು ಪ್ರವಾದಿ(ಸ)ರು ಹೇಳಿಲ್ಲವೇ?’ ಎಂದು ಕೇಳುವವರಿದ್ದಾರೆ. ಹೌದು, ಮುಸ್ಲಿಮ್‌ನಲ್ಲಿ ಆ ಹದೀಸ್ ಇದೆ. ಅದು ಮದ್ಯವನ್ನು ಮದ್ದಿಗಾಗಿ ತಯಾರಿಸುತ್ತೇನೆಂದ ವ್ಯಕ್ತಿಗೆ ಕೊಟ್ಟ ಉತ್ತರ. ಅದನ್ನೇ ಇಲ್ಲಿ ಎಳೆದು ತರುವುದಾದರೆ ಶಸ್ತ್ರಚಿಕಿತ್ಸೆಯ ಮುನ್ನ ಕೊಡುವ ಅರಿವಳಿಕೆಯೂ ಕ್ಯಾನ್ಸರ್ ರೋಗಿಗೆ ಕೊಡುವ ಮಾರ್ಫಿನ್ ಕೂಡಾ ಹರಾಮ್ ಆಗಬೇಕು. ತನ್ನ ತಂದೆಯ ಕೊನೆಯ ದಿನಗಳಲ್ಲಿ ಮಾರ್ಫಿನ್ ಮಾತ್ರೆಗಾಗಿ ಊರೂರು ಅಲೆದವನು, ನೆರೆಮನೆಯ ಹುಡುಗನ ಬ್ಯುಪ್ರೆನಾರ್ಫಿನ್ ಬಗ್ಗೆ ಫತ್ವಾ ಹೊರಡಿಸುತ್ತಾನೆ! ಒಬ್ಬನ ನೋವನ್ನು ರೋಗವೆಂದೂ ಇನ್ನೊಬ್ಬನ ನೋವನ್ನು ಶಿಕ್ಷೆಯೆಂದೂ ಮೊದಲೇ ತೀರ್ಮಾನಿಸಿ ಬಿಟ್ಟಿರುವುದೇ ಇದರ ಮೂಲ.

ಮದ್ಯಪಾನದ ನಿಷೇಧವೂ ಒಂದೇ ದಿನ ಬರಲಿಲ್ಲ. ಅಲ್ ಬಕರದ 219ನೇ ವಚನ ಅದರ ಹಾನಿಯನ್ನು ತಿಳಿಸಿತು. ಅನ್ನಿಸಾದ 43ನೇ ವಚನ ಅಮಲಿನಲ್ಲಿ ನಮಾಝ್‌ಗೆ ಸಮೀಪಿಸದಂತೆ ತಡೆಯಿತು. ಕೊನೆಗೆ ಅಲ್ ಮಾಇದದಲ್ಲಿ ಪೂರ್ಣ ನಿಷೇಧ ಬಂತು. ಇಂದು ನಿಷೇಧ ಸಂಪೂರ್ಣವಾಗಿದೆ, ಅದರಲ್ಲಿ ಹಂತಗಳಿಲ್ಲ. ಆದರೆ ಮನುಷ್ಯನ ರೂಢಿಯನ್ನು ಅವನ ಸೃಷ್ಟಿಕರ್ತನು ಹೇಗೆ ನಡೆಸಿಕೊಂಡನು ಎಂಬುದರಲ್ಲಿ ವಿವೇಕಿಗಳಿಗೆ ಪಾಠವಿದೆ.

ಮಸೀದಿಗೂ ಈ ಚಿಕಿತ್ಸೆಗೂ ವೈರವಿಲ್ಲ ಎಂಬುದಕ್ಕೆ ಮಲೇಷ್ಯಾ ಸಾಕ್ಷಿ. ಕೌಲಾಲಂಪುರದ ಅರ್‌ರಹ್ಮಾನ್ ಮಸೀದಿಯಲ್ಲಿ 2010ರಲ್ಲಿ ಮಲಾಯ ವಿಶ್ವವಿದ್ಯಾಲಯದ ವೈದ್ಯರ ಸಹಯೋಗದೊಂದಿಗೆ ಮೆಥಡೋನ್ ಚಿಕಿತ್ಸೆ ಆರಂಭವಾಯಿತು. ಅಲ್ಲಿ ವೈದ್ಯಕೀಯ ಚಿಕಿತ್ಸೆಗೆ ಆಧ್ಯಾತ್ಮಿಕ ಶಿಕ್ಷಣವನ್ನು ಜೋಡಿಸಲಾಯಿತು. ಮದ್ದೂ ದುಆವೂ ಒಂದೇ ಛಾವಣಿಯಡಿ ದೊರೆಯಿತು. ನಮ್ಮಲ್ಲಾದರೋ, ಅಮಲಿನ ವಿರುದ್ಧ ಜಾಥಾ, ಬ್ಯಾನರ್, ಪ್ರತಿಜ್ಞೆ ಎಲ್ಲವೂ ಇವೆ. ಜಾಥಾ ಮುಗಿದ ಮೇಲೆ ಸಂಘಟಕರ ಬಳಿ ಬಂದು ‘ನನ್ನ ಮಗನಿಗೆ ಏನು ಮಾಡಲಿ?’ ಎಂದು ಪಿಸುಗುಡುವ ತಾಯಿಗೆ ಕೊಡಲು ಒಂದು ವಿಳಾಸವಿಲ್ಲ.

ಬೀಗಕ್ಕಿಂತ ಕ್ರೂರವಾದುದು ಸರಪಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಪರಿಸರದ ಒಂದು ಆಶ್ರಯ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಬಂಧಿಸಲ್ಪಟ್ಟಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ಕರೆತಂದವರು ಬರಕತ್ ಅರಸಿ ಬಂದ ಕುಟುಂಬದವರೇ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ವ್ಯಸನಮುಕ್ತಿಯ ಹೆಸರಲ್ಲಿ ಕಟ್ಟಿಹಾಕುವ, ಹೊಡೆಯುವ, ವೈದ್ಯರೇ ಇಲ್ಲದ ಕೇಂದ್ರಗಳಿಗೆ ನಾವು ಹಣ ತೆತ್ತು ಮಕ್ಕಳನ್ನು ಒಪ್ಪಿಸುತ್ತಿದ್ದೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಮತ್ತು ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕೂಡಾ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಯನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ದೇಶದ ಕಾನೂನು ಅರಿತುಕೊಂಡಷ್ಟು ಕರುಣೆಯನ್ನು, ಕರುಣೆಯ ಪ್ರವಾದಿಯ ಸಮುದಾಯ ಅರಿಯಬೇಡವೇ?

ಇನ್ನು ಜಮಾಅತ್ ಕಮಿಟಿಗಳ ಠರಾವುಗಳ ವಿಷಯ. ಮಾದಕ ವ್ಯಸನಿಗೆ ಜಮಾಅತ್‌ನ ಸಹಕಾರವಿಲ್ಲ, ಅವನ ಮನೆಯ ಮದುವೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸುವುದು ದೃಢತೆಯ ಲಕ್ಷಣವೆಂದು ಕೆಲವರು ಭಾವಿಸಿದ್ದಾರೆ. ಮಾರಾಟಗಾರನ ವಿರುದ್ಧ ಕಠಿಣರಾಗಿ, ಪೊಲೀಸರಿಗೆ ಹಿಡಿದು ಕೊಡಿ. ಯಾರೂ ನಿಮ್ಮನ್ನು ತಡೆಯುವುದಿಲ್ಲ. ಆದರೆ ಬಲೆಗೆ ಬಿದ್ದವನನ್ನೂ ಬಲೆ ಬೀಸಿದವನನ್ನೂ ಒಂದೇ ಠರಾವಿನಲ್ಲಿ ಸೇರಿಸಿದರೆ ಏನಾಗುತ್ತದೆ? ಅವನ ತಂಗಿಯ ಮದುವೆ ಮುರಿಯುತ್ತದೆಂಬ ಭಯದಿಂದ ಮನೆಯವರು ರೋಗವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ರೋಗ ಆಸ್ಪತ್ರೆಗೆ ಹೋಗುವುದಿಲ್ಲ, ಕಬರ್‌ಸ್ತಾನಕ್ಕೆ ಹೋಗುತ್ತದೆ. ವ್ಯಸನಿ ಮಗಳಾಗಿದ್ದರಂತೂ ಆ ಮನೆಯ ಕಿಟಕಿಯೂ ತೆರೆಯುವುದಿಲ್ಲ.

ಪ್ರವಾದಿ(ಸ)ರ ಸನ್ನಿಧಿಗೆ ಕುಡಿತದ ಕಾರಣಕ್ಕೆ ಪದೇ ಪದೇ ಕರೆತರಲ್ಪಡುತ್ತಿದ್ದ ಒಬ್ಬ ವ್ಯಕ್ತಿಯಿದ್ದರು. ಹೆಸರು ಅಬ್ದುಲ್ಲಾ. ಒಮ್ಮೆ ಅವರಿಗೆ ಶಿಕ್ಷೆಯಾದಾಗ ಅಲ್ಲಿದ್ದವರೊಬ್ಬರು, ಎಷ್ಟು ಬಾರಿ ಬರುತ್ತಾನೆ ಎಂದು ಶಪಿಸಿದರು. ಪ್ರವಾದಿ(ಸ)ರು ತಡೆದರು. ಅವನನ್ನು ಶಪಿಸಬೇಡಿ, ಅವನು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುತ್ತಾನೆ ಎಂದರು. ಇದು ಬುಖಾರಿಯಲ್ಲಿದೆ. ತಪ್ಪಿಗೆ ಶಿಕ್ಷೆಯಾಯಿತು, ಸಹೋದರತೆ ಕಡಿಯಲಿಲ್ಲ. ಮರುಕಳಿಸುವ ವ್ಯಸನ ಈಮಾನ್ ಇಲ್ಲದಿರುವುದಕ್ಕೆ ಪುರಾವೆ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ?

ಹಾಗಾದರೆ ಜಮಾಅತ್‌ಗಳು ಏನು ಮಾಡಬೇಕು? ಪ್ರತಿಯೊಂದು ಮೊಹಲ್ಲಾದಲ್ಲಿ ಗುಟ್ಟು ಕಾಯಬಲ್ಲ ಇಬ್ಬರು ಪುರುಷರನ್ನೂ ಇಬ್ಬರು ಮಹಿಳೆಯರನ್ನೂ ನೇಮಿಸಲಿ. ಸಮೀಪದ ಮನೋವೈದ್ಯರ, ಸರಕಾರಿ ಮಾನ್ಯತೆಯ ವ್ಯಸನಮುಕ್ತಿ ಕೇಂದ್ರಗಳ ವಿಳಾಸ ಅವರ ಬಳಿಯಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416. ಈ ಸಂಖ್ಯೆಗಳು ನಮಾಝ್‌ನ ವೇಳಾಪಟ್ಟಿಯ ಪಕ್ಕದಲ್ಲಿ ತೂಗಲಿ. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ತಿಳಿಸಿ: ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಬಡವನ ಮದ್ದಿನ ಖರ್ಚನ್ನು ಬೈತುಲ್‌ಮಾಲ್ ವಹಿಸಲಿ. ಉಪವಾಸ ಹಿಡಿಯಬಯಸುವ ರೋಗಿ ಮದ್ದಿನ ಸಮಯವನ್ನು ಇಫ್ತಾರ್‌ನ ನಂತರಕ್ಕೆ ಹೊಂದಿಸಬಹುದೇ ಎಂದು ವೈದ್ಯರನ್ನೇ ಕೇಳಲಿ. ಮನೆಯಲ್ಲಿ ಯಾರಾದರೂ ಎಬ್ಬಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿ, ಕಣ್ಣುಗುಡ್ಡೆ ಸೂಜಿ ಮೊನೆಯಷ್ಟಾಗಿದ್ದರೆ ಮಾನ ಮರ್ಯಾದೆಯ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಏನು ಸೇವಿಸಿದ್ದಾನೆಂದು ವೈದ್ಯರಿಗೆ ಸತ್ಯ ಹೇಳಿ. ನಾಲೋಕ್ಸೋನ್ ಎಂಬ ಚುಚ್ಚುಮದ್ದು ನಿಂತುಹೋಗುವ ಉಸಿರನ್ನು ಮರಳಿಸಬಲ್ಲದು.

ಖತೀಬರಿಗೂ ಕೆಲಸವಿದೆ, ದೊಡ್ಡ ಕೆಲಸವೇ ಇದೆ. ಮದ್ದು ಸಂಕಟವನ್ನು ತಣಿಸುತ್ತದೆ. ಬದುಕಲು ಕಾರಣವನ್ನು ಕೊಡುವುದಿಲ್ಲ. ಅಝ್ಝುಮರ್‌ನ 53ನೇ ವಚನ, ತಮ್ಮ ಮೇಲೆಯೇ ಅತಿಕ್ರಮ ಎಸಗಿಕೊಂಡವರನ್ನು ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗದಂತೆ ಕರೆಯುತ್ತದೆ. ಆ ಕರೆಯನ್ನು ಅವನ ಕಿವಿಗೆ ಮುಟ್ಟಿಸುವುದು ವೈದ್ಯನಿಂದಾಗದು. ಖಾಲಿಯಾದ ಸಂಜೆಗಳನ್ನು ತುಂಬುವ ಸ್ನೇಹ, ಮತ್ತೆ ನಂಬಿ ಕೊಡುವ ಒಂದು ಉದ್ಯೋಗ, ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನೆರೆಯವನು. ಇವು ಮಸೀದಿಯಿಂದ ಮಾತ್ರ ಸಿಗಬಲ್ಲವು. ತೌಬಾ ಮಾಡಲು ಮನುಷ್ಯ ಮೊದಲು ಬದುಕಿರಬೇಕು.

ತಲೆಗೆ ಗಾಯವಾದ ಆ ಸಹಾಬಿಗೆ ಹೆಚ್ಚೇನೂ ಬೇಕಾಗಿರಲಿಲ್ಲ. ‘ನಮಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ’ ಎಂಬ ಒಂದು ಮಾತು ಸಾಕಿತ್ತು. ಇಂದು ಬೀಗ ಹಾಕಿದ ಕೋಣೆಯೊಳಗೆ ನಡುಗುತ್ತಿರುವವನು ಕೇಳುತ್ತಿರುವುದೂ ಅದೇ ಮಾತನ್ನು. ಕೀಲಿ ನಿಮ್ಮ ಕೈಯಲ್ಲಿದೆ. ನಾಳೆ ಅಲ್ಲಾಹನ ಮುಂದೆ, ಅವನೇಕೆ ವ್ಯಸನಿಯಾದ ಎಂಬ ಪ್ರಶ್ನೆಗೆ ಅವನು ಉತ್ತರಿಸಲಿದ್ದಾನೆ. ಅವನೇಕೆ ಸತ್ತ ಎಂಬ ಪ್ರಶ್ನೆಗೆ ನಾವು ಉತ್ತರಿಸಬೇಕಾದೀತು. ಅಲ್ಲಾಹನು ನಮ್ಮ ಮಕ್ಕಳನ್ನು ಅಮಲಿನಿಂದಲೂ ನಮ್ಮ ಅಜ್ಞಾನದಿಂದಲೂ ಕಾಪಾಡಲಿ. ಆಮೀನ್.